ಬೆನ್ನು ತಿರುಗಿಸಿದ ಬೆಳ್ಳಕ್ಕಿ

ಮದುಮಗ ಸತ್ತ ಮೇಲೆ ಮದುವೆಗೆ ಅವಸರ ಮಾಡಿದ ಗಂಡಸನ್ನು ನಾನು ಕಂಡದ್ದು ಒಬ್ಬನನ್ನೇ. ಅವನು ನನ್ನ ಮೈದುನ ಗು ಬೋಹಾನ್. ಅಳಿಯನಾಗಬೇಕಿದ್ದ ಯಾನ್ ಮನೆಯ ಹುಡುಗ ಕೆಮ್ಮಿ ಕೆಮ್ಮಿ ರಕ್ತ ಕಾರಿ ತೀರಿಕೊಂಡ ಸುದ್ದಿ ಬಂದಾಗ ಇವನು ಒಂದು ಹೊತ್ತಿನ ಊಟ ಬಿಟ್ಟ, ಸುಳ್ಳು ಹೇಳಬಾರದು. ಮರುದಿನ ಬೆಳಿಗ್ಗೆಯೇ ಟೋಪಿ ಒರೆಸಿ ಇಟ್ಟುಕೊಂಡು ದೋಣಿ ಹತ್ತಿ ಯಾನ್ ಮನೆಗೆ ಹೋಗಿಬಂದ. ಅದಾದ ನಾಲ್ಕೈದು ದಿನಕ್ಕೆ ಕಾಲುವೆಯ ಕಡೆಗಿನ ನನ್ನ ಕೋಣೆಗೆ ನುಗ್ಗಿ, ಕಸೂತಿಯ ಚೌಕಟ್ಟಿನ ಮುಂದೆ ಕೂತಿದ್ದ ನನ್ನ ಬೆಳಕಿಗೆ ಅಡ್ಡ ನಿಂತ.

“ಅತ್ತಿಗೆ, ಒಂದು ಬೆಳ್ಳಕ್ಕಿ ಆಗ್ಬೇಕು. ಹೆಂಗಸಿನದು,” ಎಂದ.

“ಯಾರಿಗಪ್ಪಾ?”

“ಸುಯಿನ್‌ಗೆ.”

ಸುಯಿನ್ ಅವನ ಮಗಳು. ಹೆತ್ತ ತಾಯಿ ಹೆರಿಗೆಯಲ್ಲೇ ಹೋದಳು. ಎತ್ತಿ ಆಡಿಸಿ, ಉಣ್ಣಿಸಿ, ಕೈಗೆ ಸೂಜಿ ಕೊಟ್ಟು ಬೆಳೆಸಿದವಳು ನಾನು. ಮದುವೆಯಾದ ವರ್ಷವೇ ಗಂಡನನ್ನು ಕಳೆದುಕೊಂಡ ನನಗೆ ಆ ಮನೆಯಲ್ಲಿ ನನ್ನದು ಎಂದು ಇದ್ದದ್ದು ಆ ಹುಡುಗಿ ಮತ್ತು ಈ ಚೌಕಟ್ಟು, ಎರಡೇ.

ಬೆಳ್ಳಕ್ಕಿ ಎಂದ ಕೂಡಲೇ ನನಗೆ ಅರ್ಥವಾಯಿತು. ಯಾನ್ ಹುಡುಗನಿಗೆ ಅವನಪ್ಪ ಹಣ ಕಟ್ಟಿ ಆರನೇ ದರ್ಜೆ ಕೊಡಿಸಿದ್ದ. ಆರನೇ ದರ್ಜೆಯವನ ನಿಲುವಂಗಿಯ ಎದೆಯ ಮೇಲಿನ ಚೌಕದಲ್ಲಿ ಬೆಳ್ಳಕ್ಕಿ ಇರುತ್ತದೆ. ಗಂಡನ ಎದೆಯಲ್ಲಿ ಯಾವ ಹಕ್ಕಿಯೋ ಹೆಂಡತಿಯ ಎದೆಯಲ್ಲೂ ಅದೇ. ಸುಯಿನ್ ಎದೆಗೆ ಬೆಳ್ಳಕ್ಕಿ ಬೇಕು ಎಂದರೆ ಅವಳನ್ನು ಸತ್ತವನಿಗೇ ಕೊಡುತ್ತಾರೆ ಎಂದರ್ಥ. ಅವನ ಹೆಸರು ಬರೆದ ಮರದ ಹಲಗೆಯ ಜೊತೆ ಮದುವೆ, ಅದಾದ ತಕ್ಷಣ ಬಿಳಿ ಬಟ್ಟೆ, ಆಮೇಲೆ ಉಸಿರಿರುವ ತನಕ ಆ ಮನೆಯ ಹಿಂದಿನ ಕೋಣೆ.

“ನಿನಗೆ ತಲೆ ನೆಟ್ಟಗಿದೆಯೇನೋ?” ಎಂದೆ. “ಹುಡುಗನ ಮುಖ ಕೂಡ ನೋಡಿಲ್ಲ ಅವಳು. ಚಿಕ್ಕಂದಿನಲ್ಲಿ ನೀವಿಬ್ಬರು ಗೆಳೆಯರು ಹೆಂಡ ಕುಡಿದು ಮಾತು ಕೊಟ್ಕೊಂಡಿರಿ. ಹುಡುಗ ಹೋದ, ಮಾತೂ ಹೋಯ್ತು. ಬೇರೆ ಗಂಡು ಹುಡುಕು.”

“ನಾನೇನು ಬಲವಂತ ಮಾಡ್ತಿದೀನಾ? ಅವಳೇ ಒಪ್ಪಿದಾಳೆ.”

“ಯಾವಾಗ?”

“ನೀವು ಕೇಳ್ಬೇಡಿ ಅತ್ತಿಗೆ. ದಮ್ಮಯ್ಯ, ಹೊಲ್ದು ಕೊಡಿ ಸಾಕು.”

ಬೋಹಾನ್ ಕೆಟ್ಟವನಲ್ಲ. ಅದೇ ದೊಡ್ಡ ಕಷ್ಟ, ಕೆಟ್ಟವನಾಗಿದ್ದರೆ ಬೈದು ಹಗುರಾಗಬಹುದಿತ್ತು. ಎಂಟನೇ ದರ್ಜೆಯ ಲಾವಕ್ಕಿಯನ್ನು ಎದೆಗೆ ಹಚ್ಚಿಕೊಂಡು, ಯಾವ ಊರಲ್ಲಾದರೂ ಒಂದು ಹುದ್ದೆ ಖಾಲಿಯಾದೀತೇ ಎಂದು ಕಾಯುತ್ತ ಕೂದಲು ನೆರೆಸಿಕೊಂಡವನು. ಸುಝೌ ಊರಲ್ಲಿ ಅಂಥ ಲಾವಕ್ಕಿಗಳು ಚಹದ ಅಂಗಡಿಯ ಬೆಂಚಿಗೊಂದರಂತೆ ಕೂತಿರುತ್ತವೆ. ಅವನ ಗೆಳೆಯ ಯಾನ್ ಮಾತ್ರ ಮೇಲೆ ಮೇಲೆ ಹೋಗಿ, ದೂರದ ಪ್ರಾಂತ್ಯದಲ್ಲಿ ಮೂರನೇ ದರ್ಜೆಯ ನವಿಲು ತೊಟ್ಟು ಆಳುತ್ತಿದ್ದ. ಮದುವೆಯಾಗದ ಹುಡುಗಿ ಸತ್ತ ವರನಿಗಾಗಿ ತಾನಾಗಿಯೇ ವಿಧವೆಯಾದರೆ ಅರಮನೆಯಿಂದ ಅಪ್ಪಣೆ ಬಂದು ಅವಳ ಹೆಸರಿಗೆ ಬೀದಿಯಲ್ಲಿ ಕಲ್ಲಿನ ಕಮಾನು ಏಳುತ್ತದೆ. ಕಮಾನು ಎದ್ದರೆ ಎರಡೂ ಮನೆಗೆ ಹೆಸರು, ನವಿಲು ಮನಸ್ಸು ಮಾಡಿದರೆ ಲಾವಕ್ಕಿಗೆ ಒಂದು ಹುದ್ದೆ. ಇಷ್ಟನ್ನು ಅವನು ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಧೈರ್ಯವಿದ್ದಿದ್ದರೆ ಅವನು ಎಂದೋ ಹುದ್ದೆ ಸಂಪಾದಿಸಿರುತ್ತಿದ್ದ.

ಸಂಜೆ ಹಿತ್ತಲಲ್ಲಿ ಸೊಪ್ಪು ಬಿಡಿಸುತ್ತಿದ್ದಾಗ ಸುಯಿನ್‌ಳನ್ನು ಕೇಳಿದೆ.

“ಒಪ್ಕೊಂಡ್ಯಂತೆ?”

“ಒಪ್ಕೊಳ್ಳೋದಾ? ಅಪ್ಪ ಯಾನ್ ಮನೆಯ ಹಿರಿಯರನ್ನ ಕರ್ಕೊಂಡು ಬಂದಿದ್ರು, ದೊಡ್ಡಮ್ಮ. ನೀನು ದಾರ ತರೋಕೆ ಹೋಗಿದ್ಯಲ್ಲ, ಆವತ್ತು. ‘ಮಗೂ, ನಿನ್ನ ಮನಸ್ಸಲ್ಲಿ ಏನಿದೆ?’ ಅಂತ ಕೇಳಿದ್ರು. ಅಪ್ಪ ನನ್ನೇ ನೋಡ್ತಾ ಇದ್ರು. ನಾನು ತಲೆ ತಗ್ಗಿಸಿ ನಿಂತಿದ್ದೆ.”

“ಏನೂ ಹೇಳ್ಲಿಲ್ವಾ?”

“ಏನಂತ ಹೇಳ್ಲಿ? ಬಾಯಿ ಬರ್ಲಿಲ್ಲ. ‘ನಾಚಿಕೆ ಸ್ವಭಾವ, ಒಪ್ಪಿಗೆ ಇದೆ’ ಅಂದ್ರು ಅವರು. ಎದ್ದು ಹೋದ್ರು.”

ಅವಳು ಅಳಲಿಲ್ಲ. ಸೊಪ್ಪಿನ ದಂಟು ಮುರಿದು ಮುರಿದು ಪುಡಿ ಮಾಡಿದ್ದಳು. ವಿಧವೆಯ ಬಾಳು ಎಂದರೇನು ಎಂದು ಆ ಮನೆಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ನನಗಾದರೂ ಒಂದು ವರ್ಷ ಗಂಡನಿದ್ದ. ಚಳಿಗಾಲದಲ್ಲಿ ಹುರಿದ ಕಡಲೆಕಾಯಿ ತಂದು ಕೈಗೆ ಹಾಕುತ್ತಿದ್ದ, ಅಷ್ಟು ನೆನಪಿಟ್ಟುಕೊಂಡು ಇಷ್ಟು ದೂರ ಬಂದಿದ್ದೇನೆ. ಇವಳು ಯಾವ ನೆನಪಿನ ಮೇಲೆ ಬದುಕಬೇಕು?

“ನಿನಗೆ ಇಷ್ಟ ಇದೆಯೋ ಇಲ್ವೋ, ನನಗೆ ಹೇಳು. ಇಲ್ಲಿ ಅಪ್ಪ ಇಲ್ಲ, ಯಾರೂ ಇಲ್ಲ,” ಎಂದೆ.

“ಇಲ್ಲ,” ಎಂದಳು. ಇನ್ನೊಮ್ಮೆ ಕೇಳಬೇಡ ಎನ್ನುವ ಹಾಗೆ ಎದ್ದು ಬುಟ್ಟಿ ತೆಗೆದುಕೊಂಡು ಒಳಗೆ ಹೋದಳು.

ನಾನು ಆ ರಾತ್ರಿಯೇ ಬೋಹಾನ್ ಜೊತೆ ಜಗಳ ತೆಗೆದೆ. ಉಣ್ಣುತ್ತಿದ್ದವನು ಬಟ್ಟಲು ಕೆಳಗಿಟ್ಟು, “ಕಮಾನಿಗೆ ಬರೆದು ಕಳಿಸಿ ಆಗಿದೆ ಅತ್ತಿಗೆ, ಈಗ ಇಲ್ಲ ಅಂದ್ರೆ ನಾನು ಯಾನ್ ಮುಖ ಹೇಗೆ ನೋಡ್ಲಿ, ಕಾಲುವೆಗೆ ಹಾರ್ಲಾ?” ಎಂದು ಮಗುವಿನ ಹಾಗೆ ಅತ್ತುಬಿಟ್ಟ. ಅವನ ಮಗಳು ಪಕ್ಕದ ಕೋಣೆಯಿಂದ ಎದ್ದು ಬಂದು ಅವನಿಗೆ ಬಿಸಿನೀರು ಕೊಟ್ಟಳು. ಅಲ್ಲಿಗೆ ಮಾತಿನ ದಾರಿ ಮುಚ್ಚಿಹೋಯಿತು. ನನ್ನ ಬಳಿ ಉಳಿದದ್ದು ಸೂಜಿ.

ನಮ್ಮ ಕಸಬಿನಲ್ಲಿ ಚೌಕದ ನೆಲವನ್ನು ಮೊದಲು ಮಾಡುತ್ತೇವೆ, ಕೆಳಗೆ ಅಲೆ, ಬಂಡೆ, ಮೇಲೆ ಮೋಡ. ಹಕ್ಕಿಯನ್ನು ಬೇರೆ ಬಟ್ಟೆಯ ಮೇಲೆ ಕಸೂತಿ ಹಾಕಿ, ಅಂಚಿಗೆ ಕತ್ತರಿಸಿ, ಎಲ್ಲಕ್ಕಿಂತ ಕೊನೆಗೆ ತಂದು ಕೂರಿಸುತ್ತೇವೆ. ಗಂಡಸರ ದರ್ಜೆಗೆ ಭರವಸೆಯಿಲ್ಲ ನೋಡಿ. ಇವತ್ತು ಲಾವಕ್ಕಿ, ನಾಳೆ ಹಣ ಕಟ್ಟಿದರೆ ಬೆಳ್ಳಕ್ಕಿ. ನೆಲ ಹಾಗೇ ಇರುತ್ತದೆ, ಹಕ್ಕಿಯನ್ನು ಮಾತ್ರ ಬಿಚ್ಚಿ ಬದಲಾಯಿಸಿದರಾಯಿತು.

ಅದರಲ್ಲೂ ಗಂಡಸಿನ ಹಕ್ಕಿ ಬೇರೆ, ಹೆಂಗಸಿನದು ಬೇರೆ. ದಂಪತಿ ಅಕ್ಕಪಕ್ಕ ಕೂತಾಗ ಅವನ ಹಕ್ಕಿ ಅವಳ ಕಡೆ ನೋಡಬೇಕು, ಅವಳದು ಅವನ ಕಡೆ. ಕೊಕ್ಕಿಗೆ ಕೊಕ್ಕು ಎದುರು. ಗಂಡಸಿನ ಹಕ್ಕಿಯನ್ನು ತಂದು ಹೆಂಗಸಿನ ಎದೆಗೆ ಹೊಲಿದರೆ ಅದು ಗಂಡನಿಗೆ ಬೆನ್ನು ಹಾಕಿ ಕೂರುತ್ತದೆ. ಅಂಥ ತಪ್ಪು ಮಾಡಿದವಳು ಸಂಸಾರ ಒಡೆದವಳೆಂದು ಹೆಸರು ಕೆಡಿಸಿಕೊಳ್ಳುತ್ತಾಳೆ. ಆಮೇಲೆ ನಮ್ಮ ಬೀದಿಯಲ್ಲಿ ಯಾವ ವ್ಯಾಪಾರಿಯೂ ಅವಳ ಕೈಗೆ ರೇಷ್ಮೆ ಕೊಡುವುದಿಲ್ಲ.

ನಾನು ಬೇಕೆಂದೇ ಆ ತಪ್ಪನ್ನು ಮಾಡಲು ನಿಶ್ಚಯಿಸಿದೆ. ಸುಯಿನ್‌ಗೂ ಹೇಳಿದೆ.

“ಕಮಾನು ಸಿಗೋದು ಮನಸಾರೆ ಬಂದವಳಿಗೆ ಮಾತ್ರ,” ಎಂದೆ. “ಹಿರಿಯರ ಎದುರು ನಿನ್ನ ಹಕ್ಕಿ ಅವನಿಗೆ ಬೆನ್ನು ತೋರಿಸ್ತು ಅಂದ್ರೆ, ಹುಡುಗಿಗೆ ಇಷ್ಟ ಇಲ್ಲ ಅಂತ ಕುರುಡನಿಗೂ ಗೊತ್ತಾಗುತ್ತೆ. ಬಾಯಿಬಿಟ್ಟು ಯಾರೂ ಕೇಳೋ ಹಾಗಿಲ್ಲ, ಕೇಳಿದ್ರೆ ಅವರಿಗೇ ಅವಮಾನ. ಮುಹೂರ್ತ ಸರಿಯಿಲ್ಲ ಅಂತಲೋ ಏನೋ ಒಂದು ನೆಪ ಹೇಳಿ ವಾಪಸ್ ಕಳಿಸ್ತಾರೆ. ನೀನು ಬಾಯಿ ತೆಗೆಯೋ ಅಗತ್ಯಾನೇ ಇಲ್ಲ.”

“ಅಪ್ಪ?”

“ಬೈತಾನೆ. ಬೈಗುಳ ಮೈಗೆ ಅಂಟಿಕೊಳ್ಳಲ್ಲ, ನನ್ನ ನೋಡು, ಎಷ್ಟು ಬೈಸಿಕೊಂಡು ಹೇಗೆ ದಪ್ಪಗಿದೀನಿ.”

ಬಹಳ ದಿನಗಳ ಮೇಲೆ ಅವಳು ನಕ್ಕಳು. ಆ ನಗುವಿಗೆ ನಾನು ಇನ್ನೂ ಹತ್ತು ಹಕ್ಕಿಗಳನ್ನು ತಿರುಗಿಸಿಬಿಡುತ್ತಿದ್ದೆ.

ಬೋಹಾನ್ ಆಗಾಗ ಬಂದು ಚೌಕ ನೋಡುತ್ತಿದ್ದ. ಅಲೆ, ಮೋಡ ಎಲ್ಲ ಕಂಡು ತೃಪ್ತಿಯಿಂದ ತಲೆಯಾಡಿಸುತ್ತಿದ್ದ. ಹಕ್ಕಿಯನ್ನು ನಾನು ಕೂರಿಸಿದ್ದು ಹೊರಡುವ ಹಿಂದಿನ ದಿನ. ರೂಢಿಯಂತೆ ಹಕ್ಕಿ ನೋಡುವ ಮೂಲೆಯಲ್ಲಿ ಕೆಂಪು ಸೂರ್ಯನನ್ನೂ ಹೊಲಿದೆ. ಬೆಳಿಗ್ಗೆ ಸುಯಿನ್‌ಗೆ ಕೆಂಪು ಲಂಗ, ಅದರ ಮೇಲೆ ಚೌಕ ಹಚ್ಚಿದ ತೋಳಿಲ್ಲದ ಉದ್ದ ಅಂಗಿ ತೊಡಿಸಿ, ಮುಖಕ್ಕೆ ಕೆಂಪು ಮುಸುಕು ಹಾಕಿ, ದೋಣಿಯಲ್ಲಿ ಚಳಿ ಎಂದು ಹತ್ತಿ ತುಂಬಿದ ಹೊದಿಕೆ ಹೊದಿಸಿದೆ. ಹೆಣ್ಣಿನ ಅಪ್ಪ ಗಂಡಿನ ಮನೆಯ ಮದುವೆಗೆ ಹೋಗುವ ಪದ್ಧತಿ ನಮ್ಮಲ್ಲಿಲ್ಲ. ಇವನು ಹೋದ. ದೋಣಿಯ ತುದಿಯಲ್ಲಿ ನಿಂತು, ದಡದಲ್ಲಿ ಅಕ್ಕಿ ತೊಳೆಯುತ್ತಿದ್ದ ಹೆಂಗಸರು ನೋಡಲೆಂದು ಎದೆ ಮುಂದೆ ಮಾಡಿಕೊಂಡಿದ್ದ.

ಯಾನ್ ಮನೆಯ ಹಜಾರದಲ್ಲಿ ಒಂದು ಗೋಡೆಗೆ ಕೆಂಪು ರೇಷ್ಮೆ, ಎದುರು ಗೋಡೆಗೆ ಬಿಳಿ ಬಟ್ಟೆ ಕಟ್ಟಿದ್ದರು. ಮಧ್ಯೆ ಎರಡು ಕುರ್ಚಿ. ಒಂದರ ಮೇಲೆ ಸತ್ತ ಹುಡುಗನ ಕಡುನೀಲಿ ನಿಲುವಂಗಿಯನ್ನು ಬೆನ್ನಿಗೆ ಒರಗಿಸಿ, ಕೂತ ಮನುಷ್ಯನ ಹಾಗೆಯೇ ಜೋಡಿಸಿದ್ದರು. ತೋಳುಗಳನ್ನು ಮಡಿಲಲ್ಲಿ ಸೇರಿಸಿ ಅದರ ಮೇಲೆ ಹೆಸರಿನ ಹಲಗೆ ಇಟ್ಟಿದ್ದರು. ಎದೆಯ ಮೇಲೆ ಅವನ ಬೆಳ್ಳಕ್ಕಿ, ಪಕ್ಕದ ಖಾಲಿ ಕುರ್ಚಿಯನ್ನೇ ನೋಡುತ್ತಿತ್ತು. ಯಜಮಾನ ದೂರದ ಊರಲ್ಲಿದ್ದುದರಿಂದ ಕಾರ್ಯ ನಡೆಸಲು ಅವರ ಕುಲದ ಹಿರಿಯಜ್ಜ ಬಂದಿದ್ದ. ಹುಡುಗನ ತಾಯಿ ಯಾನ್ ಯಜಮಾನಿ ಒಂದು ಮೂಲೆಯಲ್ಲಿ ಕೂತಿದ್ದಳು. ಅತ್ತೂ ಅತ್ತೂ ಅವಳ ಮುಖ ಬೇಯಿಸಿದ ಹಿಟ್ಟಿನಂತೆ ಊದಿಕೊಂಡಿತ್ತು. ಅವಳ ಮೇಲೆ ನನಗೆ ಸಿಟ್ಟು ಮಾಡಲು ಆಗಲಿಲ್ಲ.

ಸುಯಿನ್‌ಳನ್ನು ಖಾಲಿ ಕುರ್ಚಿಯಲ್ಲಿ ಕೂರಿಸಿದರು. ನಾನು ಹೊದಿಕೆ ತೆಗೆದು ಹಿಂದೆ ಸರಿದೆ.

ಮೊದಲು ಕಂಡದ್ದು ಯಜಮಾನಿಗೆ. ಅವಳ ಕಣ್ಣು ಮಗನ ಎದೆಯಿಂದ ಹುಡುಗಿಯ ಎದೆಗೆ ಹೋಯಿತು, ಅಲ್ಲೇ ನಿಂತಿತು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ನೋಡಿದರು. ಅವನ ಬೆಳ್ಳಕ್ಕಿ ಇವಳ ಕಡೆ ಕತ್ತು ಚಾಚಿದೆ, ಇವಳದು ಅವನಿಗೆ ಬಾಲ ತೋರಿಸಿ ಬಾಗಿಲ ಕಡೆ ನೋಡುತ್ತಿದೆ. ಬೋಹಾನ್ ಮುಖ ಬಿಳಚಿಕೊಂಡಿತು. ನನಗೋ, ಸತ್ಯ ಹೇಳುತ್ತೇನೆ, ಒಳಗೊಳಗೇ ಕುಣಿಯುವಷ್ಟು ಸಂತೋಷ. ಗೆದ್ದೆ ಅಂದುಕೊಂಡೆ. ಇನ್ನೇನು ಯಾರಾದರೂ ಮುಹೂರ್ತದ ನೆಪ ತೆಗೆಯುತ್ತಾರೆ, ಸಂಜೆಯ ಹೊತ್ತಿಗೆ ನಾವಿಬ್ಬರೂ ಮನೆಯಲ್ಲಿ ಗಂಜಿ ಕುಡಿಯುತ್ತಿರುತ್ತೇವೆ.

ಹಿರಿಯಜ್ಜ ಕೋಲೂರಿ ಎದ್ದ. ಹುಡುಗಿಯ ಹತ್ತಿರ ಬಂದು ಬಗ್ಗಿ ನೋಡಿದ. ಗಡ್ಡ ನೀವಿಕೊಂಡ.

“ಹುಡುಗನ ಕುರ್ಚಿ ಎತ್ರಯ್ಯಾ. ಇವಳ ಆ ಪಕ್ಕಕ್ಕೆ ಇಡಿ,” ಎಂದ.

ಆಳುಗಳು ಬೆಪ್ಪಾಗಿ ನಿಂತರು.

“ಸತ್ತವರ ಕಾರ್ಯದಲ್ಲಿ ಎಡ ಇದ್ದದ್ದು ಬಲ ಆಗುತ್ತೆ, ಬಲ ಇದ್ದದ್ದು ಎಡ ಆಗುತ್ತೆ. ಇಷ್ಟು ಓದಿಕೊಂಡಿರೋ ನಾವು ಮರೆತ್ವಿ. ಈ ಮಗು ಮರೀಲಿಲ್ಲ.”

ಕುರ್ಚಿಯನ್ನು ಎತ್ತಿ ಆಚೆ ಪಕ್ಕಕ್ಕೆ ಇಟ್ಟರು. ಈಗ ಅವನ ಬೆಳ್ಳಕ್ಕಿ ಬಾಗಿಲ ಕಡೆ ಮುಖ ಮಾಡಿ ಹೊರಗೆ ನೋಡುತ್ತಿತ್ತು. ಸುಯಿನ್‌ಳ ಬೆಳ್ಳಕ್ಕಿ ಅದರ ಬೆನ್ನ ಹಿಂದೆ, ಅದೇ ಬಾಗಿಲ ಕಡೆ ನೋಡುತ್ತಿತ್ತು.

“ನೋಡಿ, ಎಲ್ರೂ ಕಣ್ತುಂಬ ನೋಡಿ!” ಎಂದ ಹಿರಿಯಜ್ಜ. ಅವನ ದನಿ ನಡುಗುತ್ತಿತ್ತು. “ಅವನು ಮುಂದೆ ಹೊರಟಿದಾನೆ. ಇವಳು ಹಿಂದೇನೇ ಹೊರಟಿದಾಳೆ. ಈ ಮನೇಲಿ ವಿಧವೆ ಆಗಿ ಉಳಿಯೋಕೆ ಬಂದವಳಲ್ಲ ಇವಳು, ಗಂಡನ ಜೊತೆ ಹೋಗೋಕೆ ಬಂದವಳು! ಬಾಯಲ್ಲಿ ಹೇಳದೆ ಎದೆ ಮೇಲೆ ಹೊಲ್ಕೊಂಡು ಬಂದಿದಾಳೆ.”

ಹೆಂಗಸರು “ಅಯ್ಯೋ ತಾಯೀ” ಎಂದು ಕೈ ಮುಗಿದರು. ಒಬ್ಬಿಬ್ಬರು ಮಂಡಿಯೂರಿದರು.

“ಕೆಳಗಿನ ಊರಲ್ಲಿ ಹೋದ ವರ್ಷ ಒಬ್ಬಳು ಹೀಗೇ ಹಗ್ಗಕ್ಕೆ ಕೊರಳು ಕೊಟ್ಟಳು,” ಎಂದು ಹಿರಿಯಜ್ಜ ಪಕ್ಕದವನಿಗೆ ಹೇಳುತ್ತಿದ್ದ. “ಅವಳ ಕಮಾನಿನ ಕೆತ್ತನೆ ಇನ್ನೂ ಮುಗಿದಿಲ್ಲ, ಅಷ್ಟು ದೊಡ್ಡದು.”

“ಯಾವಾಗ ಅಂತ ಮನಸ್ಸು ಮಾಡಿದಾಳೋ?” ಎಂದು ಯಾರೋ ಕೇಳಿದರು. ಬೆಳೆ ಕೊಯ್ಲು ಯಾವಾಗ ಎಂದು ಕೇಳುವ ಹಾಗೆ ಕೇಳಿದರು.

ನಾನು ಬೋಹಾನ್ ಕಡೆ ನೋಡಿದೆ. ಹೇಳೋ, ಅಲ್ಲ ಅನ್ನೋ, ನಿನ್ನ ಮಗಳು ಕಣೋ. ಅವನು ಹಿರಿಯಜ್ಜನನ್ನು ನೋಡಿದ, ಕೈ ಮುಗಿದು ನಿಂತವರನ್ನು ನೋಡಿದ. ಅವನ ಜೀವಮಾನದಲ್ಲಿ ಅಷ್ಟು ಜನ ಅವನ ಮನೆಯವರ ಮುಂದೆ ಬಗ್ಗಿದ್ದೇ ಇಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡು, “ಚಿಕ್ಕಂದಿನಿಂದಲೂ ಹೀಗೇ ಇವಳು. ಮನಸ್ಸು ಮಾಡಿದ್ರೆ ಬಿಡೋಳಲ್ಲ,” ಎಂದ.

ಥೂ! ಅಪ್ಪನಂತೆ ಅಪ್ಪ!

ಕೆಂಪು ಮುಸುಕಿನ ಒಳಗೆ ಸುಯಿನ್ ಅಲ್ಲಾಡದೆ ಕೂತಿದ್ದಳು. ಅವಳ ಕೈ ಬೆರಳುಗಳು ಮಾತ್ರ ಕುರ್ಚಿಯ ತೋಳನ್ನು ಹಿಡಿದು ಬೆಳ್ಳಗಾಗಿದ್ದವು. ಇಷ್ಟವಿಲ್ಲ ಅವಳಿಗೆ, ಯಾವುದೂ ಇಷ್ಟವಿಲ್ಲ ಎಂದು ಕೂಗಿಬಿಡೋಣ ಎಂದು ನಾಲಿಗೆಯ ತುದಿಗೆ ಬಂತು. ಕೂಗಿದರೆ ಮೈದುನ ಸುಳ್ಳು ಎನ್ನುತ್ತಾನೆ. ಹಿರಿಯಜ್ಜ ಹುಡುಗಿಯನ್ನೇ ಕೇಳುತ್ತಾನೆ. ಅಪ್ಪನ ಕಣ್ಣೆದುರು ಅಂದು ಬಾಯಿ ಬಾರದವಳಿಗೆ ಇಷ್ಟು ಜನರ ನಡುವೆ ಬರುತ್ತದೆಯೇ? ಅಂದಿನ ಮೌನಕ್ಕೆ ಮದುವೆ ಎಂದು ಅರ್ಥ ಮಾಡಿಕೊಂಡರು. ಈ ಸಲದ ಮೌನಕ್ಕೆ ಹಗ್ಗ ಎಂದು ಅರ್ಥ ಮಾಡಿಕೊಳ್ಳುತ್ತಾರೆ.

“ತಪ್ಪಾಗಿದೆ!” ಎಂದು ಕಿರುಚಿದೆ. “ಹುಡುಗಿ ಏನೂ ಹೊಲ್ಕೊಂಡು ಬಂದಿಲ್ಲ. ಹೊಲಿದವಳು ನಾನು, ಕಣ್ಣು ಕಾಣದ ಮುದುಕಿ. ವ್ಯಾಪಾರಿಗೆ ಅಂತ ಮಾಡಿಟ್ಟಿದ್ದ ಗಂಡಸಿನ ಹಕ್ಕೀನ ತೆಗೆದು ಇವಳಿಗೆ ಹಚ್ಚಿಬಿಟ್ಟಿದೀನಿ. ಕೈತಪ್ಪು ಸ್ವಾಮೀ, ಬರೀ ಕೈತಪ್ಪು! ಆ ಕುರ್ಚಿ ಮೊದಲಿದ್ದ ಜಾಗದಲ್ಲೇ ಸರಿ ಇತ್ತು.”

“ಏನಮ್ಮಾ, ಸುಝೌ ಕಸೂತಿಯವಳು ಹಕ್ಕಿ ಮುಖ ತಿಳೀದೆ ಹೊಲಿದ್ಯಾ?” ಎಂದ ಹಿರಿಯಜ್ಜ. ಯಾರೋ ಕಿಸಕ್ಕೆಂದರು. ಬೋಹಾನ್ ನನ್ನನ್ನು ಸುಟ್ಟುಬಿಡುವ ಹಾಗೆ ನೋಡಿದ.

“ತಿಳೀದೆ ಹೊಲಿದೆ. ನಾಳೆಯಿಂದ ಯಾರೂ ನನಗೆ ಕೆಲಸ ಕೊಡ್ಬೇಡಿ, ಊರೆಲ್ಲ ಡಂಗುರ ಹೊಡೀರಿ. ಹುಡುಗಿ ಮಾತ್ರ ಬದುಕಿ ಬಾಳೋಕೆ ಬಂದವಳು.”

ಆಗ ಯಜಮಾನಿ ಎದ್ದು ಬಂದಳು. ನನ್ನ ಎದುರಿಗೆ ನಿಂತು, ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಕೇಳಿದಳು.

“ತಪ್ಪಾ? ಬೇಕಂತಾನಾ?”

“ತಪ್ಪು, ಅಮ್ಮಾವ್ರೇ.”

ಅವಳು ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ಅವಳಿಗೆ ಎಲ್ಲವೂ ತಿಳಿಯಿತು ಎಂದು ನನಗೆ ತಿಳಿಯಿತು. ಒಂದು ಮಾತು ಆಡಿದ್ದರೆ ಅವಳು ನಮ್ಮನ್ನು ವಾಪಸು ಕಳಿಸಬಹುದಿತ್ತು. ಆದರೆ ಮಗನ ನಿಲುವಂಗಿಯ ಕಡೆ ತಿರುಗಿ ನೋಡಿದಳು.

“ನನ್ನ ಮಗ ಒಬ್ಬನೇ ಇರಬಾರದು,” ಎಂದಳು. “ಆದ್ರೆ ಈ ಮನೇಲಿ ಇನ್ನೊಂದು ಹೆಣ ನಾನು ನೋಡಲ್ಲ. ತಪ್ಪು ಅಂದ್ಯಲ್ಲ, ಸರಿ ಮಾಡು. ಈಗಲೇ, ಇಲ್ಲೇ.”

“ಹೆಂಗಸಿನ ಬೆಳ್ಳಕ್ಕಿ ನನ್ನ ಹತ್ರ ಇಲ್ಲ.”

“ನನ್ನ ಹತ್ರ ಇದೆ.”

ಒಳಗೆ ಹೋಗಿ ಅವಳು ತಂದದ್ದು ಹಳೆಯದೊಂದು ಚೌಕ. ಅವಳ ಗಂಡ ನವಿಲು ತೊಡುವುದಕ್ಕಿಂತ ಎಷ್ಟೋ ಹಿಂದೆ, ಆರನೇ ದರ್ಜೆಯಲ್ಲಿದ್ದಾಗ, ಹೊಸ ಸೊಸೆಯಾಗಿ ತಾನೇ ಹೊಲಿದುಕೊಂಡದ್ದಂತೆ. ಬಿಳಿ ದಾರ ಹಳದಿ ತಿರುಗಿತ್ತು. ಕಾಲು ಒಂದು ಕಡೆ ಗಿಡ್ಡ. ಕುಶಲದ ಕೈಯಲ್ಲ, ಆಸೆಪಟ್ಟು ಹೊಲಿದ ಕೈ. ಅವಳೇ ಕತ್ತರಿ ಹಿಡಿದು ಹಕ್ಕಿಯನ್ನು ಬಿಡಿಸಿ ನನ್ನ ಅಂಗೈಗೆ ಹಾಕಿದಳು. ಆಳುಗಳು ಕುರ್ಚಿಯನ್ನು ಮತ್ತೆ ಮೊದಲಿನ ಜಾಗಕ್ಕೆ ತಂದರು. ಹಿರಿಯಜ್ಜ ಮುಖ ಗಂಟಿಕ್ಕಿಕೊಂಡು ಚಹ ಕೇಳಿದ.

ನಾನು ಸುಯಿನ್ ಎದುರು ಮಂಡಿಯೂರಿ ಕೂತೆ. ನನ್ನ ಹಕ್ಕಿಯ ಹೊಲಿಗೆಗಳನ್ನು ಬಿಚ್ಚಿದೆ. ಸೂರ್ಯನನ್ನು ಆ ಮೂಲೆಯಿಂದ ಕಿತ್ತು ಈ ಮೂಲೆಗೆ ತಂದೆ. ಹಳೆಯ ಬೆಳ್ಳಕ್ಕಿಯನ್ನು ಅವಳ ಎದೆಯ ಮೇಲೆ, ಸತ್ತವನ ಕಡೆಗೆ ಮುಖ ಮಾಡಿ ಇಟ್ಟೆ. ಬಟ್ಟೆಯ ಕೆಳಗೆ ಅವಳ ಎದೆ, ಕೈಯಲ್ಲಿ ಹಿಡಿದ ಗುಬ್ಬಿಯ ಹಾಗೆ ಹೊಡೆದುಕೊಳ್ಳುತ್ತಿತ್ತು. ಈ ಮದುವೆ ತಪ್ಪಿಸಲು ಬಂದವಳು ನಾನು. ಅದೇ ಮದುವೆಗೆ ಅವಳನ್ನು ನನ್ನ ಕೈಯಾರೆ ಹೊಲಿಯುತ್ತಿದ್ದೆ. ಕಣ್ಣೀರಿನಲ್ಲಿ ಸೂಜಿಯ ಕಣ್ಣು ಕಾಣಲಿಲ್ಲ, ಮುದುಕಿಗೆ ದೃಷ್ಟಿ ಇಲ್ಲ ಎಂದು ಹಿಂದೆ ಯಾರೋ ಹೇಳಿದರು.

ರೆಕ್ಕೆಯ ಅಂಚಿಗೆ ಮೊದಲ ಹೊಲಿಗೆ ಹಾಕುವಾಗ ಮುಸುಕು ಅಲುಗಿತು. ಸುಯಿನ್ ಬಗ್ಗಿದಳು. ಅವಳ ಹಲ್ಲು ಕಟಕಟ ಎನ್ನುತ್ತಿದ್ದವು.

“ಗಟ್ಟಿಯಾಗಿ ಹೊಲಿ, ದೊಡ್ಡಮ್ಮ,” ಎಂದಳು. “ಬಿಚ್ಚಿ ಬಂದ್ರೆ ಮತ್ತೆ ಹಗ್ಗ ಅಂತಾರೆ.”

ನಾನು ದಾರವನ್ನು ಎರಡೆಳೆ ಮಾಡಿಕೊಂಡು, ಸುತ್ತಲೂ ಒತ್ತೊತ್ತಾಗಿ ಹೊಲಿದೆ.